ವೃತ್ತಿಪರ ಲೈಟ್‌ವೇಟ್ ಬಾಕ್ಸರ್ ಒಬ್ಬರ ವೃತ್ತಿಜೀವನ ಹೇಗಿರುತ್ತದೆ?

ಮೈಸೂರಿನ ಗರಡಿ ಮನೆಯಲ್ಲಿ ಕುಸ್ತಿ ಕಲಿತು ಈಗ ಬಾಕ್ಸಿಂಗ್ ಕಡೆಗೆ ಹೊರಳಿರುವ ತಮ್ಮ ಸೋದರಳಿಯನ ಸಲುವಾಗಿ ತಾವು ಹೀಗೆ ಕೇಳಿದ್ದೀರಿ. ಲೈಟ್‌ವೇಟ್ ಎಂದರೆ 135 ಪೌಂಡ್, ಅಂದರೆ ಸುಮಾರು 61.2 ಕೆ.ಜಿ. ಮೀರದ ತೂಕ. ಹೊಸಬರು ಸಾಮಾನ್ಯವಾಗಿ 4 ಸುತ್ತುಗಳ ಪಂದ್ಯದಿಂದ ಆರಂಭಿಸಿ, ವಿಶ್ವ ಪ್ರಶಸ್ತಿಯ ಹೊತ್ತಿಗೆ ತಲಾ 3 ನಿಮಿಷಗಳ 12 ಸುತ್ತುಗಳಿಗೆ ಏರುತ್ತಾರೆ.

ನನ್ನ ಮಟ್ಟಿಗೆ ಪನಾಮಾದ ರಾಬರ್ಟೊ ಡುರಾನ್ ಅವರದೇ ಅತ್ಯುತ್ತಮ ಉದಾಹರಣೆ. 1968ರಲ್ಲಿ, ಇನ್ನೂ 16ರ ಹರೆಯದಲ್ಲಿ, ವೃತ್ತಿಗೆ ಇಳಿದ ಅವರು 1972ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಕೆನ್ ಬುಕ್ಯಾನನ್ ಅವರನ್ನು ಸೋಲಿಸಿ ಲೈಟ್‌ವೇಟ್ ಪಟ್ಟ ಗೆದ್ದರು. 1979ರಲ್ಲಿ ಅದನ್ನು ತಾವಾಗಿಯೇ ಬಿಟ್ಟು, ಮರುವರ್ಷ ಇನ್ನೂ ಹೆಚ್ಚಿನ ತೂಕದ ವಿಭಾಗವಾದ ವೆಲ್ಟರ್‌ವೇಟ್‌ನಲ್ಲಿ ಅಮೆರಿಕದ ಶುಗರ್ ರೇ ಲೆನಾರ್ಡ್ ಅವರನ್ನು ಮಣಿಸಿದರು. ಒಟ್ಟು 119 ಪಂದ್ಯಗಳಲ್ಲಿ 103 ಗೆಲುವು ಅವರದು.

ಹೊರಗಿನವರಿಗೆ ಕಾಣದ ಕಷ್ಟವೆಂದರೆ ತೂಕ. ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನವೇ ತಕ್ಕಡಿ ಹತ್ತಬೇಕಾದ್ದರಿಂದ, ಅನೇಕರು ನೀರನ್ನೂ ಗುಟುಕು ಲೆಕ್ಕದಲ್ಲಿ ಕುಡಿದು, ದಪ್ಪ ಅಂಗಿ ತೊಟ್ಟು ಬೆವರಿಳಿಸುತ್ತಾರೆ. ದೇಹದ ನೀರು ಬತ್ತಿದಾಗ ಪೆಟ್ಟಿನ ಅಪಾಯ ಹೆಚ್ಚುತ್ತದೆಂಬ ಕಾರಣಕ್ಕೆ ಈ ಪದ್ಧತಿಯನ್ನು ವೈದ್ಯರು ಒಪ್ಪುವುದಿಲ್ಲ. 1982ರಲ್ಲಿ ಲಾಸ್ ವೇಗಸ್‌ನ ಲೈಟ್‌ವೇಟ್ ಪ್ರಶಸ್ತಿ ಪಂದ್ಯದ 14ನೆಯ ಸುತ್ತಿನಲ್ಲಿ ಕುಸಿದ ಕೊರಿಯಾದ ಕಿಮ್ ಡುಕ್ ಕೂ ತೀರಿಕೊಂಡ ಬಳಿಕವೇ 15 ಸುತ್ತುಗಳ ಪಂದ್ಯಗಳು 12ಕ್ಕೆ ಇಳಿದವು.