ಗಾಜಾ ಬಗ್ಗೆ ಅಲ್ಲಿ ಬಾಯಿ ಬಿಡಬಹುದಾ ಅಂತ ಕೇಳಿದ್ದೀರಿ

ಬಾಸ್ಟನ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಎಫ್-1 ಅಂದರೆ ವಿದ್ಯಾರ್ಥಿ ವೀಸಾ ಇಂಟರ್‌ವ್ಯೂಗೆ ಕಾಯುತ್ತಿದ್ದೇನೆ ಅಂತ ಬರೆದಿದ್ದೀರಿ. ಬಾಡಿಗೆ, ಚಳಿ, ಅಕ್ಕಿ ಬೇಳೆ ವಿಚಾರಕ್ಕೆ ಬೇರೆಯವರು ಆಗಲೇ ಉತ್ತರ ಕೊಟ್ಟಿದ್ದಾರೆ. ನಾನು ನಿಮ್ಮ ಕೊನೆಯ ಪ್ರಶ್ನೆಗಷ್ಟೇ ಬರುತ್ತೇನೆ. ಬೆಂಗಳೂರಲ್ಲಿ ಪ್ಯಾಲೆಸ್ಟೀನ್ ಪರ ಪೋಸ್ಟ್ ಹಾಕುತ್ತಿದ್ದಿರಿ, ಫ್ರೀಡಂ ಪಾರ್ಕಿಗೂ ಹೋಗಿದ್ದಿರಿ. ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯ ಇದೆಯಲ್ಲ, ಅಲ್ಲಿ ಮಾತಾಡಿದರೆ ಏನು ತೊಂದರೆ ಅಂತ ಕೇಳಿದ್ದೀರಿ.

ತೊಂದರೆ ಎಷ್ಟು ಅನ್ನೋದು ನೀವು ಏನು ಹೇಳಿದಿರಿ ಅನ್ನೋದಕ್ಕಿಂತ ಜಾಸ್ತಿ ನಿಮ್ಮ ಕೈಯಲ್ಲಿ ಯಾವ ಕಾಗದ ಇದೆ, ವೀಸಾನಾ, ಗ್ರೀನ್ ಕಾರ್ಡಾ, ಇಲ್ಲಿನ ಪಾಸ್‌ಪೋರ್ಟಾ, ಅನ್ನೋದರ ಮೇಲೆ ನಿಂತಿದೆ.

ನೀವು ಬರುವ ಊರಿನದೇ ಎರಡು ಉದಾಹರಣೆ ಕೊಡುತ್ತೇನೆ. ಎಂಐಟಿಯ ಕ್ಲಾಸ್ ಪ್ರೆಸಿಡೆಂಟ್ ಮೇಘಾ ವೇಮೂರಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲೇ ಬೆಳೆದ ಹುಡುಗಿ. 2025ರ ಮೇ ತಿಂಗಳಲ್ಲಿ ವೇದಿಕೆ ಮೇಲಿಂದ ಗಾಜಾ ಬಗ್ಗೆ ಮಾತಾಡಿದರು. ಮರುದಿನದ ಪದವಿ ಸಮಾರಂಭಕ್ಕೆ ಬರಬೇಡಿ ಅಂತ ಎಂಐಟಿಯವರು ಅಂದರು. ಅಲ್ಲಿಗೆ ಮುಗಿಯಿತು, ಡಿಗ್ರಿಗೇನೂ ಕುತ್ತು ಬರಲಿಲ್ಲ. ಇನ್ನು ಪಕ್ಕದ ಟಫ್ಟ್ಸ್ ಯೂನಿವರ್ಸಿಟಿಯ ರುಮೇಸಾ ಓಜ್ತುರ್ಕ್ ಕಥೆ ನೋಡಿ. ಟರ್ಕಿಯವರು, ನಿಮ್ಮ ಹಾಗೇ ಎಫ್-1. 2024ರಲ್ಲಿ ಕ್ಯಾಂಪಸ್ ಪತ್ರಿಕೆಗೆ ಇನ್ನು ಕೆಲವರ ಜೊತೆ ಸೇರಿ, ಗಾಜಾ ವಿಚಾರದಲ್ಲಿ ಯೂನಿವರ್ಸಿಟಿಯನ್ನು ಟೀಕಿಸಿ ಒಂದು ಲೇಖನ ಬರೆದಿದ್ದರು. ಒಂದು ವರ್ಷ ಏನೂ ಇಲ್ಲ. 2025ರ ಮಾರ್ಚ್ 25ರ ಸಂಜೆ ಇಫ್ತಾರಿಗೆ ಹೊರಟವರನ್ನು ಮುಖ ಮುಚ್ಚಿಕೊಂಡ ಇಮಿಗ್ರೇಷನ್ ಏಜೆಂಟರು ರಸ್ತೆಯಲ್ಲೇ ಹಿಡಿದರು. ಕರೆದುಕೊಂಡು ಹೋಗಿದ್ದು ಲೂಯಿಸಿಯಾನಾಕ್ಕೆ. ಕೋರ್ಟು ಬಿಡಿಸುವಾಗ ಮೇ 9.

ಗ್ರೀನ್ ಕಾರ್ಡ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಇದ್ದರೆ ಸೇಫ್ ಅಂತ ನಾವೆಲ್ಲ ಅಂದುಕೊಂಡಿದ್ದೆವು. ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಪ್ಯಾಲೆಸ್ಟೀನ್ ಪರ ಪ್ರತಿಭಟನೆಯಲ್ಲಿದ್ದ ಮಹಮೂದ್ ಖಲೀಲ್ ಹತ್ತಿರ ಗ್ರೀನ್ ಕಾರ್ಡೇ ಇತ್ತು. ಮೂರು ತಿಂಗಳಿಗೂ ಜಾಸ್ತಿ ಒಳಗಿದ್ದರು. ಮೊದಲ ಮಗು ಹುಟ್ಟಿದಾಗ ಹೆಂಡತಿ ಪಕ್ಕ ಇರಲಿಕ್ಕೂ ಆಗಲಿಲ್ಲ.

ನಮ್ಮವರ ಕಥೆ ಬೇಕಾ? ರಂಜನಿ ಶ್ರೀನಿವಾಸನ್. ಭಾರತದಿಂದ ಬಂದು ಕೊಲಂಬಿಯಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. 2024ರ ಏಪ್ರಿಲ್ 30ರ ರಾತ್ರಿ ಪ್ರತಿಭಟನಾಕಾರರು ಒಳಗೆ ಸೇರಿದ್ದ ಕ್ಯಾಂಪಸ್ಸಿನ ಹ್ಯಾಮಿಲ್ಟನ್ ಹಾಲ್ ಕಟ್ಟಡವನ್ನು ಪೊಲೀಸರು ಖಾಲಿ ಮಾಡಿಸುತ್ತಿದ್ದಾಗ, ಮನೆಗೆ ಹೋಗುತ್ತಿದ್ದ ತಾನು ಗುಂಪಿನಲ್ಲಿ ಸಿಕ್ಕಿಕೊಂಡೆ ಅನ್ನೋದು ಅವರ ಮಾತು. ಪೊಲೀಸರು ಆಗ ಹಾಕಿದ ಕೇಸು ವಜಾ ಆಯಿತು. ಆದರೆ 2025ರ ಮಾರ್ಚಲ್ಲಿ ವೀಸಾ ರದ್ದಾಯಿತು, ಏಜೆಂಟರು ಮನೆ ಬಾಗಿಲಿಗೇ ಬಂದರು. ಅವರು ಕೆನಡಾಕ್ಕೆ ಹೊರಟುಬಿಟ್ಟರು. ಏರ್‌ಪೋರ್ಟಲ್ಲಿ ಸೂಟ್‌ಕೇಸ್ ಎಳೆದುಕೊಂಡು ಹೋಗುವ ವಿಡಿಯೋವನ್ನು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಮಂತ್ರಿಯೇ ಪೋಸ್ಟ್ ಮಾಡಿ ಮೆರೆದರು. ಬೆಂಗಳೂರಲ್ಲಿ ವ್ಯಾನಿಗೆ ಹತ್ತಿಸಿದರೂ ಸಾಮಾನ್ಯವಾಗಿ ಸಂಜೆಗೆ ಬಿಡುತ್ತಾರೆ, ಅಲ್ವಾ? ಇಲ್ಲಿ ಒಂದು ಸಲ ಅರೆಸ್ಟ್ ಆದರೆ, ಕೇಸು ಬಿದ್ದುಹೋದರೂ, ಮುಂದೆ ವೀಸಾ, ಗ್ರೀನ್ ಕಾರ್ಡ್ ಫಾರ್ಮುಗಳಲ್ಲಿ ಅದನ್ನು ಬರೆಯಬೇಕು.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರಲ್ಲ. ಜೈಲೇ ಆಗಬೇಕಿಲ್ಲ. ಯೂನಿವರ್ಸಿಟಿ ಸಸ್ಪೆಂಡ್ ಮಾಡಿದರೆ ಸಾಕು. ಕ್ಲಾಸ್ ಇಲ್ಲ ಅಂದರೆ ಫುಲ್‌ಟೈಮ್ ವಿದ್ಯಾರ್ಥಿ ಅಲ್ಲ, ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಸರ್ಕಾರದ ಸೆವಿಸ್‌ನಲ್ಲಿ ನಿಮ್ಮ ದಾಖಲೆ ಮುಚ್ಚುತ್ತೆ, ಗಂಟುಮೂಟೆ ಕಟ್ಟಬೇಕು. ಅದೇ ಪ್ರತಿಭಟನೆಯ ಟೆಂಟಿನಲ್ಲಿ ಪಕ್ಕಕ್ಕೆ ಕೂತ ಅಮೆರಿಕನ್ ಹುಡುಗನಿಗೆ ಒಂದು ಸೆಮಿಸ್ಟರ್ ಹೋಗುತ್ತೆ, ನಿಮಗೆ ದೇಶವೇ ಹೋಗುತ್ತೆ. ಊರಲ್ಲಿ ಎಜುಕೇಶನ್ ಲೋನಿಗೆ ಅಪ್ಪನ ಮನೆ ಅಡ ಇಟ್ಟಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ.

ಕಾನೂನು ನಮ್ಮ ಪರ ಇಲ್ಲವೇ ಇಲ್ಲ ಅಂತಲ್ಲ. 2025ರ ಸೆಪ್ಟೆಂಬರಲ್ಲಿ ಬಾಸ್ಟನ್‌ನ ಜಡ್ಜ್ ವಿಲಿಯಂ ಯಂಗ್, ಇಲ್ಲಿ ಕಾನೂನುಬದ್ಧವಾಗಿರುವ ವಿದೇಶಿಯರಿಗೂ ಪ್ರಜೆಗಳಷ್ಟೇ ಮಾತಿನ ಹಕ್ಕಿದೆ ಅಂತ ತೀರ್ಪು ಕೊಟ್ಟರು. ಒಳ್ಳೆಯ ತೀರ್ಪು. ಆದರೆ ತೀರ್ಪು ಬರೋದು ಹಿಡಿದ ಮೇಲೆ.

ಹಳೇ ಪೋಸ್ಟ್‌ಗಳ ಬಗ್ಗೆ: ವೀಸಾ ಅರ್ಜಿಯ ಡಿಎಸ್-160 ಫಾರ್ಮಿನಲ್ಲಿ ಐದು ವರ್ಷದ ಸೋಶಿಯಲ್ ಮೀಡಿಯಾ ಹೆಸರುಗಳನ್ನು ಕೇಳುತ್ತಾರೆ. 2025ರ ಜೂನ್‌ನಿಂದ ವಿದ್ಯಾರ್ಥಿಗಳು ಅಕೌಂಟ್ ಪಬ್ಲಿಕ್ ಇಡಬೇಕು, ಡಿಸೆಂಬರ್‌ನಿಂದ ಕೆಲಸದ ವೀಸಾ ಎಚ್-1ಬಿ, ಅವರ ಮನೆಯವರ ಎಚ್-4ಗೂ ಅದೇ. ಯಾವ ಅಕೌಂಟನ್ನೂ ಮುಚ್ಚಿಡಬೇಡಿ. ಪೋಸ್ಟಿಗಿಂತ ಫಾರ್ಮಿನಲ್ಲಿ ಹೇಳಿದ ಸುಳ್ಳು ದುಬಾರಿ.

ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಲೆಕ್ಕ ಬೇರೆ. ಇಲ್ಲಿನ ಸಂವಿಧಾನದ ಮಾತಿನ ಹಕ್ಕು ಸರ್ಕಾರವನ್ನು ತಡೆಯುತ್ತೆ, ಖಾಸಗಿ ಕಂಪನಿಯನ್ನಲ್ಲ. ಇಸ್ರೇಲ್ ಸರ್ಕಾರದ ಜೊತೆಗಿನ ನಿಂಬಸ್ ಕ್ಲೌಡ್ ಒಪ್ಪಂದ ವಿರೋಧಿಸಿ ಆಫೀಸಿನಲ್ಲೇ ಧರಣಿ ಕೂತರು ಅಂತ ಗೂಗಲ್ 2024ರ ಏಪ್ರಿಲಲ್ಲಿ ಹತ್ತಾರು ಜನರನ್ನು ತೆಗೆಯಿತು. ಎಚ್-1ಬಿಯಲ್ಲಿ ಕೆಲಸ ಹೋದರೆ ಇನ್ನೊಂದು ಹುಡುಕಲು 60 ದಿನ, ಅಷ್ಟೇ.

ನನ್ನ ಕಥೆ ಇಷ್ಟು ದೊಡ್ಡದಲ್ಲ. ನಾನಾಗಲೇ ಇಲ್ಲಿನ ಪ್ರಜೆ. ಊರಿನ ಲೈಬ್ರರಿ ಮುಂದೆ ಮೇಣದ ಬತ್ತಿ ಹಿಡಿದು ನಿಂತ ಫೋಟೋ ಹಾಕಿದ್ದೆ. ಆಫೀಸಿನಲ್ಲಿ ಯಾರೂ ಬೈಯಲಿಲ್ಲ. ಎಚ್‌ಆರ್‌ನಿಂದ ತುಂಬಾ ನಯವಾದ ಒಂದು ಕಾಲ್ ಬಂತು, "ಕೆಲವರಿಗೆ ಬೇಜಾರಾಗಿದೆ" ಅಂತ. ಆಮೇಲೆ ಕ್ಲೈಂಟ್ ಮೀಟಿಂಗ್‌ಗಳಿಗೆ ಕರೆಯೋದು ನಿಂತಿತು. ಪ್ರಮೋಷನ್ ಪಟ್ಟಿಯಲ್ಲಿ ಹೆಸರು ಇರಲಿಲ್ಲ. ಕಾರಣ ಇದೇ ಅಂತ ಸಾಬೀತು ಮಾಡೋಕೆ ಆಗಲ್ಲ, ಹಾಗಾಗಿ ದೂರೂ ಕೊಡೋಕಾಗಲ್ಲ. ನಿಜವಾಗಿ ನೋವಾಗಿದ್ದು ಬೇರೆಯದಕ್ಕೆ. ಜೊತೆಗೆ ಊಟ ಮಾಡುತ್ತಿದ್ದ ಗೆಳತಿಯೊಬ್ಬಳ ಸಂಬಂಧಿಕರು ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸತ್ತಿದ್ದರು. ಆಗ ನಾನು ಅವಳ ಮನೆಗೆ ಹೋಗಿ ಕೂತಿದ್ದೆ. ಫೋಟೋ ನೋಡಿದ ಮೇಲೆ ಅವಳು ಮಾತು ಬಿಟ್ಟಳು. ಗಾಜಾದ ಮಕ್ಕಳಿಗಾಗಿ ಅಳೋದು ಅವಳ ಮನೆಯವರಿಗೆ ಮಾಡಿದ ದ್ರೋಹ ಅಂತ ನಾನು ಒಪ್ಪಲ್ಲ. ಅವಳನ್ನು ಬೈಯೋಕೂ ಮನಸ್ಸು ಬರಲ್ಲ.

ನಮ್ಮವರ ನಡುವೆ? ಗಣೇಶನ ಹಬ್ಬದ ಬಿಸಿಬೇಳೆಬಾತ್ ಸಾಲಿನಲ್ಲಿ ಒಬ್ಬರು, "ನಮಗ್ಯಾಕ್ರೀ ಆ ಊರಿನ ಉಸಾಬರಿ? ಮಗಳ ಕಾಲೇಜು ಅಡ್ಮಿಷನ್ ಇದೆ, ನೆನಪಿರಲಿ" ಅಂದರು. ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಒರಟಾಗಿ ಬಂತು, ನನ್ನ ಮದುವೆ, ಮತ, ಜಾತಿ ಎಲ್ಲ ಎಳೆದರು. ಅದೇ ಹಬ್ಬದ ದಿನ ಪಾರ್ಕಿಂಗ್‌ನಲ್ಲಿ ವಯಸ್ಸಾದ ಆಂಟಿಯೊಬ್ಬರು ಮಡಚಿದ ನೋಟುಗಳನ್ನು ಕೈಗಿಟ್ಟು, "ಗಾಜಾದ ಆಸ್ಪತ್ರೆಗೆ ಕಳಿಸು. ಚೆಕ್ ಬೇಡ, ನನ್ನ ಹೆಸರು ಎಲ್ಲೂ ಬರೀಬೇಡ" ಅಂದರು. ಅವರ ಮಗ ವರ್ಷಗಟ್ಟಲೆಯಿಂದ ಗ್ರೀನ್ ಕಾರ್ಡ್ ಕ್ಯೂನಲ್ಲಿದ್ದಾನೆ. ಇಲ್ಲಿ ಸುಮ್ಮನಿರುವವರನ್ನು ಹೇಡಿ ಅನ್ನೋ ಮುಂಚೆ ಅವರ ಕಾಗದ ಯಾವುದು ಅಂತ ಕೇಳಿ.

ನೀವು ಸುಮ್ನಿರಿ ಅಂತ ನಾನು ಹೇಳಲ್ಲ. ನಾನು ಸುಮ್ಮನಿಲ್ಲ. ಆದರೆ ಪ್ರಜೆಯಾದ ನನಗೆ ಬೀಳುವಷ್ಟೇ ಬೆಲೆ ನಿಮಗೆ ಬೀಳೋದಲ್ಲ, ನಿಮಗೆ ಅದರ ಹತ್ತು ಪಟ್ಟು. "ಬಾ, ಮುಂದೆ ನಿಲ್ಲು" ಅಂತ ಮೈಕು ಕೊಡುವವರಿದ್ದರೆ ಅವರ ಪಾಸ್‌ಪೋರ್ಟ್ ಯಾವ ದೇಶದ್ದು ನೋಡಿ. ಬಂದ ಮೊದಲ ವಾರದಲ್ಲೇ ಕ್ಯಾಂಪಸ್ಸಿನ ಪ್ರತಿಭಟನೆ ನಿಯಮ ಓದಿ. 2024ರ ಆಮೇಲೆ ಟೆಂಟು, ಮೈಕು, ಸಮಯ ಎಲ್ಲಕ್ಕೂ ಹಲವು ಕಡೆ ಬಿಗಿ ಮಾಡಿದ್ದಾರೆ. ಒಬ್ಬ ಇಮಿಗ್ರೇಷನ್ ಲಾಯರ್ ನಂಬರನ್ನು ಬಾಯಿಪಾಠ ಮಾಡಿ, ಯಾಕೆಂದರೆ ಮೊದಲು ಕಿತ್ತುಕೊಳ್ಳೋದು ಫೋನನ್ನೇ. ವೀಸಾ ಸ್ಟ್ಯಾಂಪ್ ಆದ ಮೇಲೆ ನನಗೊಂದು ಮೆಸೇಜ್ ಹಾಕಿ, ಬಾಸ್ಟನ್‌ನಲ್ಲಿ ಇಂಥ ಕೇಸು ನೋಡುವವರ ನಂಬರ್ ಕೊಡುತ್ತೇನೆ.