ಹಲ್ಲು ಕೀಳಿಸಿ ಮೂರು ದಿನವಾಯ್ತು, ನೋವು ಕಿವಿಯವರೆಗೆ ಎಳೆಯುತ್ತಿದೆ. ತೀರ್ಥಹಳ್ಳಿಯಿಂದ ಡಾಕ್ಟರ ಬಳಿ ಹೊರಡಲು ಇನ್ನೂ ಎರಡು ದಿನ ಆಗುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಲಿ?

ಇದು ಡ್ರೈ ಸಾಕೆಟ್ ಇರಬಹುದು. ಹಲ್ಲಿನ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಹೋಗಿ ಮೂಳೆ ಬರಿದಾಗಿರುತ್ತದೆ. ಕನ್ನಡಿಯಲ್ಲಿ ನೋಡಿದರೆ ಗುಳಿ ಖಾಲಿ ಅಥವಾ ಬೆಳ್ಳಗೆ ಕಾಣುತ್ತದೆ, ಬಾಯಿ ವಾಸನೆಯೂ ಇರುತ್ತದೆ.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆಲ್ಲ ಬಾಯಲ್ಲಿಟ್ಟು ತಲೆ ವಾಲಿಸಿ, ತಾನಾಗಿ ಸುರಿದುಹೋಗಲು ಬಿಡಿ. ಜೋರಾಗಿ ಮುಕ್ಕಳಿಸಿ ಉಗಿಯಬೇಡಿ.

ಮಾತ್ರೆ: ಊಟದ ನಂತರ ಐಬುಪ್ರೊಫೆನ್ 400 ಮಿ.ಗ್ರಾಂ, ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಸಾಲದಿದ್ದರೆ ಜೊತೆಗೆ ಪ್ಯಾರಾಸಿಟಮಾಲ್ 500. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ, ಬಸಿರು ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಐಬುಪ್ರೊಫೆನ್ ಬೇಡ. ಮಳೆಗಾಲದಲ್ಲಿ ಜ್ವರವೂ ಇದ್ದರೆ ಡೆಂಗಿ ಅನುಮಾನ, ಆಗಲೂ ಬೇಡ.

ಲವಂಗದ ಎಣ್ಣೆ ಕೆಲಸ ಮಾಡುತ್ತದೆ, ಆದರೆ ಒಂದೇ ಹನಿ. ಗಾಯಕ್ಕೆ ಕಟ್ಟುವ ಶುದ್ಧ ತೆಳು ಬಟ್ಟೆಯ (ಗಾಜ್) ತುಂಡಿಗೆ ಹಾಕಿ, ಹಿಂಡಿ, ಗುಳಿಯ ಮೇಲೆ ಐದು ನಿಮಿಷ ಇಟ್ಟು ತೆಗೆಯಿರಿ. ನೇರವಾಗಿ ಸುರಿದರೆ ವಸಡು ಸುಡುತ್ತದೆ. ಲವಂಗದ ಪುಡಿ ತುರುಕುವ ಅಜ್ಜಿ ಮದ್ದಂತೂ ಬೇಡವೇ ಬೇಡ, ಪುಡಿ ಒಳಗೇ ಉಳಿದು ಕೊಳೆಯುತ್ತದೆ.

ಎಲೆ-ಅಡಿಕೆ, ಗುಟ್ಕಾ, ಬೀಡಿ, ಸ್ಟ್ರಾ ಬಿಡಿ. ಗಂಜಿ ಆರಿಸಿ ಕುಡಿಯಿರಿ.

ಇದೆಲ್ಲ ತಾತ್ಕಾಲಿಕ. ಡಾಕ್ಟರು ಗುಳಿ ತೊಳೆದು ಔಷಧ ಹಚ್ಚಿದ ಬಟ್ಟೆ ಪಟ್ಟಿ ಒಳಗಿಟ್ಟರೆ ನೋವು ಬೇಗ ಇಳಿಯುತ್ತದೆ. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಇಲ್ಲವೇ ನುಂಗಲು ಕಷ್ಟವಾದರೆ ಎರಡು ದಿನ ಕಾಯಬೇಡಿ, ಅವತ್ತೇ ಹೊರಡಿ.