ಏಳು ತಿಂಗಳ ಮಗು: ತೂಕ ನಿಧಾನ, ಇನ್ನೂ ವಾಲುತ್ತಾಳೆ ಅಂದರೆ ಚಿಂತೆ ಮಾಡಬೇಕಾ?

ಹುಟ್ಟಿದಾಗ 2.8 ಕಿಲೋ, ಈಗ 7 ಕಿಲೋ, ಕಳೆದ ತಿಂಗಳು ಬರೀ 300 ಗ್ರಾಂ ಏರಿದೆ, ಕೂರಿಸಿದರೆ ವಾಲುತ್ತಾಳೆ, ಎದುರು ಫ್ಲ್ಯಾಟಿನ ಮಗು ಆಗಲೇ ಅಂಬೆಗಾಲಿಡುತ್ತಿದೆ ಅಂತ ಕೇಳಿದ್ದೀರಿ.

ತೂಕದ ಬಗ್ಗೆ ನನಗೇನೂ ಗಾಬರಿ ಕಾಣಿಸುತ್ತಿಲ್ಲ. ಮೊದಲ ಮೂರು ತಿಂಗಳಲ್ಲಿ ತಿಂಗಳಿಗೆ 700-900 ಗ್ರಾಂ ಏರುವ ಮಗು ಆರು ದಾಟಿದ ಮೇಲೆ 300-400 ಗ್ರಾಂಗೆ ಇಳಿಯುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಏಳು ತಿಂಗಳ ಹೆಣ್ಣುಮಗುವಿನ ಮಧ್ಯದ ತೂಕ 7.6 ಕಿಲೋ, 6 ಕಿಲೋಗಿಂತ ಕಡಿಮೆಯಾದರೆ ಯೋಚಿಸಬೇಕು. ಒಂದೇ ತಕ್ಕಡಿಯಲ್ಲಿ, ಡಯಾಪರ್ ಬಿಚ್ಚಿ ತೂಗಿ, ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆ ನಕ್ಷೆಯಲ್ಲಿ ಗುರುತು ಹಾಕಿ, ಗುರುತುಗಳನ್ನು ಸೇರಿಸಿ ಗೆರೆ ಎಳೆಯಿರಿ. ಗೆರೆ ಚಪ್ಪಟೆಯಾದರೆ ಅಥವಾ ಕೆಳಗೆ ಬಾಗಿದರೆ ಮಾತ್ರ ಡಾಕ್ಟರಿಗೆ ತೋರಿಸಿ.

ನಾನು ಕೇಳುವುದು ಊಟದ ಬಗ್ಗೆ. ರಾಗಿ ಸರಿ ಕೊಡುತ್ತೇವೆ ಅನ್ನುವ ಬಹಳ ಮನೆಗಳಲ್ಲಿ ಅದು ಬಾಟಲಿಯಲ್ಲಿ ಹರಿಯುವಷ್ಟು ನೀರು. ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಮೊಳಕೆ ಕಟ್ಟಿದ ರಾಗಿಹಿಟ್ಟು ಎರಡು ದೊಡ್ಡ ಚಮಚ, ನೀರು ಮುಕ್ಕಾಲು ಲೋಟ. ತಣ್ಣೀರಿನಲ್ಲೇ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಿ. ಹಸಿ ವಾಸನೆ ಹೋಗಿ ಹೊಳಪು ಬರಬೇಕು. ಚಮಚ ಓರೆ ಮಾಡಿದರೆ ಸುರಿಯಬಾರದು, ಮೆಲ್ಲಗೆ ಜಾರಬೇಕು. ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ. ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನು ವರ್ಷ ತುಂಬುವವರೆಗೂ ಮುಟ್ಟಬೇಡಿ, ನಾಲಿಗೆಗೆ ಸವರುವುದೂ ಬೇಡ. ಎದೆಹಾಲಿನ ಜೊತೆ ದಿನಕ್ಕೆ ಎರಡು-ಮೂರು ಸಲ ಊಟ, ಒಂದು ಹೊತ್ತಿಗೆ ಹೆಚ್ಚೆಂದರೆ ಅರ್ಧ ಬಟ್ಟಲು. ಮೂರು ಹೊತ್ತೂ ರಾಗಿಯೇ ಬೇಡ. ಒಂದು ಹೊತ್ತು ಹೆಸರುಬೇಳೆ-ಅನ್ನ ಹಿಸುಕಿ ಕೊಡಿ, ಮೊಟ್ಟೆ ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನೂ. ಈ ವಯಸ್ಸಿಗೆ ಎದೆಹಾಲಿನ ಕಬ್ಬಿಣ ಸಾಲದು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ 1 ಮಿ.ಲೀ.; ರಾಗಿ ಸರಿಯ ಜೊತೆಗೇ ಹಾಕಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಕಕ್ಕ ಕಪ್ಪಗಾದರೆ ಹೆದರಬೇಡಿ.

ಆಸರೆಯಿಲ್ಲದೆ ಕೂರುವುದಕ್ಕೆ ಒಂಬತ್ತು ತಿಂಗಳವರೆಗೂ ಸಮಯವಿದೆ. ಅಂಬೆಗಾಲೇ ಇಡದೆ ನೇರ ನಿಲ್ಲುವ ಮಕ್ಕಳೂ ಇದ್ದಾರೆ, ಎದುರು ಮನೆಯನ್ನು ಬಿಡಿ. ಅಪಾರ್ಟ್‌ಮೆಂಟಿನ ನುಣುಪು ಟೈಲ್ಸ್ ಮೇಲೆ ಮೊಣಕಾಲು ಜಾರುತ್ತದೆ, ಜಮಖಾನ ಹಾಸಿ. ಸುತ್ತ ದಿಂಬು ಒತ್ತರಿಸಿ ಕೂರಿಸಿದರೆ ಸೊಂಟಕ್ಕೆ ಕೆಲಸವೇ ಇಲ್ಲ. ಎರಡೂ ಕೈ ಮುಂದೆ ಊರಿಸಿ ಕೂರಿಸಿ, ನೀವು ಹಿಂದೆ ಇರಿ. ವಾಕರ್ ಯಾರಾದರೂ ಉಡುಗೊರೆ ತಂದರೆ ಅಟ್ಟಕ್ಕೆ ಹಾಕಿ.

ಕತ್ತು ಇನ್ನೂ ನಿಲ್ಲದಿದ್ದರೆ, ಯಾವಾಗಲೂ ಒಂದೇ ಕೈ ಚಾಚಿದರೆ, ಕಾಲು ಕಡ್ಡಿಯಂತೆ ಬಿಗಿಯಾಗಿದ್ದರೆ, ಹಿಂದಿನಿಂದ ಕರೆದರೆ ತಿರುಗದಿದ್ದರೆ ಕಾಯಬೇಡಿ. ನಿಮ್ಮ ಮಕ್ಕಳ ಡಾಕ್ಟರಿಗೋ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲೋ ಈ ವಾರವೇ ತೋರಿಸಿ. ಇದ್ಯಾವುದೂ ಇಲ್ಲದಿದ್ದರೆ ಒಂಬತ್ತನೇ ತಿಂಗಳ ಚುಚ್ಚುಮದ್ದಿಗೆ ಹೋದಾಗ ಕೂರಿಸಿ ತೋರಿಸಿದರೆ ಸಾಕು.